ಹೊಟ್ಟೆಯೊಳಗಿನ ದಿಮ್ಮಿ

ಕಮಲಾಪುರದಲ್ಲಿರುವ ನನ್ನ ತಂಗಿಯ ಮಗನು ಹೋದ ವರ್ಷ ಮಳೆಗಾಲ ಹಿಂದೆಗೆಯುತ್ತಿದ್ದ ದಿನಗಳಲ್ಲಿ ಒಮ್ಮೆ ಕಲಬುರಗಿಯ ನಮ್ಮ ಮನೆಗೆ ಬಂದವನು, ಚಹದ ಬಟ್ಟಲನ್ನು ಕೆಳಗಿಡುವ ವ್ಯವಧಾನವನ್ನೂ ತೋರದೆ, ಮೊಬೈಲಿನಲ್ಲಿ ಒಂದು ಗಿಟಾರಿನ ಚಿತ್ರವನ್ನು ನನ್ನ ಕಣ್ಣಿನ ಮುಂದೆ ಹಿಡಿದು, “ಮಾಮಾ, ಇದು ನೋಡಾಕ ಪಿಟೀಲಿನಂಗ ಅದರಿ, ವೈರ್ ಹಚ್ಚಿದ್ರ ಕರೆಂಟಿನ ಗಿಟಾರ್ ಆಗ್ತದ. ಇದರ ಹೊಟ್ಟಿ ಖಾಲಿ ಅದನೋ, ತುಂಬ್ಯಾದನೋ?” ಎಂದು ಕೇಳಿದನು. ಯೌವನದಲ್ಲಿ ಹೈದರಾಬಾದಿನಲ್ಲಿದ್ದಾಗ ಕೆಲವು ಕಾಲ ನಾನು ಈ ವಾದ್ಯದ ಸಹವಾಸ ಮಾಡಿದವನೆಂಬ ಅಪಕೀರ್ತಿಯು ನಮ್ಮ ಬಂಧುವರ್ಗದಲ್ಲಿ ಇನ್ನೂ ಅಳಿಯದೆ ಉಳಿದಿರುವುದರಿಂದ, ಇಂಥ ಪ್ರಶ್ನೆಗಳು ಸಹಜವಾಗಿಯೇ ನನ್ನ ಪಾಲಿಗೆ ಬರುತ್ತವೆ.

ಹುಡುಗನ ಹತ್ತಿರ ಇದ್ದದ್ದು ನಲವತ್ತು ಸಾವಿರ ರೂಪಾಯಿ. ಕಮಲಾಪುರದ ಕೆಂಪು ಬಾಳೆಯನ್ನು ತಿಂದವರು ಅದರ ಸವಿಯನ್ನು ಬಲ್ಲರೇ ಹೊರತು, ಸಾಧಾರಣ ಬಾಳೆಗಿಂತ ಎಷ್ಟೋ ತಿಂಗಳು ಹೆಚ್ಚಾಗಿ ಕಾದು ಅದರ ಗೊನೆ ಇಳಿಸುವವನ ತಾಳ್ಮೆಯನ್ನು ಬಲ್ಲವರು ಕಡಿಮೆ. ಆ ತಾಳ್ಮೆಯಿಂದ ಬಂದ ಹಣದಲ್ಲಿ ತಂದೆ ಕೊಟ್ಟ ಭಾಗವದು. “ಇದರಾಗೇ ಎಲ್ಲಾ ಬರಬೇಕು ನೋಡ್ರಿ ಮಾಮಾ” ಎಂದನು. ಎಲ್ಲಾ ಎಂದರೆ ಏನೇನು ಎಂಬುದೇ ಅವನಿಗೆ ಆಗ ತಿಳಿದಿರಲಿಲ್ಲ.

ಪೊಳ್ಳು ಎಂಬ ಶಬ್ದವನ್ನು ಲೋಕವ್ಯವಹಾರದಲ್ಲಿ ನಾವು ನಿಂದೆಗಾಗಿ ಬಳಸುತ್ತೇವೆ. ವಾದ್ಯಗಳ ವಿಷಯದಲ್ಲಾದರೋ ಬಹುಮಟ್ಟಿಗೆ ಪೊಳ್ಳೇ ಪ್ರಾಣ. ತಂತಿಯೆಂಬುದು ಎಷ್ಟೇ ಬಿರುಸಾಗಿ ಕಂಪಿಸಿದರೂ ಅದರ ಮೈ ಕೂದಲಿನಷ್ಟು ತೆಳುವಾದುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುವುದೇ ವಿನಾ ತಳ್ಳಲಾರದು. ಆ ಕಂಪನವನ್ನು ಅಗಲವಾದ ಹಲಗೆಯೊಂದಕ್ಕೋ ಟೊಳ್ಳಾದ ಬುರುಡೆಗೋ ದಾಟಿಸಿದಾಗ ಮಾತ್ರ ಅದು ನಾಲ್ಕು ಜನರ ಕಿವಿಯನ್ನು ತಲಪುತ್ತದೆ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಹಾಡುವವರ ಕೈಯಲ್ಲಿರುವ ಏಕತಾರಿಯಲ್ಲಿ ಬುರುಡೆಯನ್ನು ಕಳಚಿಬಿಟ್ಟರೆ ಉಳಿಯುವುದು ಒಂದು ಕೋಲು, ಒಂದು ತಂತಿ, ಒಂದು ಸಣ್ಣ ಕಿರ್ ಎಂಬ ಸದ್ದು. ಪಂಢರಪುರದ ಸೀಮೆಯಲ್ಲಿ ಬೆಳೆದ ಹೆಗ್ಗುಂಬಳದಂಥ ಸೋರೆಯನ್ನು ಒಣಗಿಸಿ ಮಿರಜಿನ ಕುಶಲಿಗಳು ತಂಬೂರಿ ಮಾಡುವುದೂ ಇದೇ ಕಾರಣಕ್ಕಾಗಿ. ಇನ್ನೂ ದೊಡ್ಡ ಉದಾಹರಣೆ ಬೇಕಾದರೆ ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಬೇಕು. 1367ರಲ್ಲಿ ಕಟ್ಟಿದ ಆ ಮಸೀದಿಯು, ಬೇರೆ ಮಸೀದಿಗಳಿಗೆ ಇರುವಂತೆ ತೆರೆದ ಅಂಗಳವಿಲ್ಲದೆ, ಗುಮ್ಮಟಗಳ ಸಾಲುಗಳಿಂದ ಪೂರ್ತಿಯಾಗಿ ಮುಚ್ಚಿಕೊಂಡಿರುವುದರಿಂದ, ಅಲ್ಲಿ ಮೆಲ್ಲನೆ ಆಡಿದ ಮಾತೂ ಕಮಾನಿನಿಂದ ಕಮಾನಿಗೆ ಹಾಯುತ್ತ, ಆಡಿದವನು ಬಾಯಿ ಮುಚ್ಚಿದ ಮೇಲೂ ಒಂದು ಕ್ಷಣ ನಿಂತಿರುತ್ತದೆ.

ಹಾಗಾದರೆ ಕರೆಂಟಿನ ಗಿಟಾರಿಗೆ ಪೊಳ್ಳು ಏತಕ್ಕೆ? ಅದರ ತಂತಿಯ ಕೆಳಗೆ ಪಿಕಪ್ ಎಂಬ ಒಂದು ಸಾಧನವಿದೆ. ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅಲುಗಿದಂತೆಲ್ಲ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ. ಬುರುಡೆಯ ಕೆಲಸವನ್ನು ಯಂತ್ರವೇ ವಹಿಸಿಕೊಂಡ ಮೇಲೆ ಗಿಟಾರಿನ ಒಡಲು ಗಟ್ಟಿ ಹಲಗೆಯಾದರೂ ನಡೆಯುತ್ತದೆ, ನಡೆಯುತ್ತಲೂ ಇದೆ. ಆದರೆ ಪೊಳ್ಳು ಮೈಯ ಚರಿತ್ರೆಯೂ ಚಿಕ್ಕದಲ್ಲ. ಅಮೆರಿಕದ ಗಿಬ್ಸನ್ ಕಂಪನಿಯು 1936ರಲ್ಲಿ ಇ.ಎಸ್.-150 ಎಂಬ, ಪಿಟೀಲಿನಂತೆ ಉಬ್ಬಿದ ಮೈಯ ಪೊಳ್ಳು ಗಿಟಾರಿಗೆ ಪಿಕಪ್ ಕೂಡಿಸಿ ಮಾರಾಟಕ್ಕೆ ತಂದಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ಕರಿಯ ತರುಣನು ಅದನ್ನು ನುಡಿಸಿ, ಮೇಳದ ಹಿಂದೆ ಲಯ ಹಾಕುತ್ತ ಕುಳಿತಿದ್ದ ಗಿಟಾರನ್ನು ಮುಂದಕ್ಕೆ ಕರೆತಂದನು.

ಇದರಲ್ಲೊಂದು ತೊಡಕಿತ್ತು. ನಮ್ಮ ಊರಿನ ಸಭೆಗಳಲ್ಲಿ ಭಾಷಣಕಾರನು ಬಾಯಿ ತೆರೆಯುವುದಕ್ಕೆ ಮೊದಲೇ ಮೈಕು ಸೀಟಿ ಹೊಡೆದು ಎಲ್ಲರೂ ಕಿವಿ ಮುಚ್ಚಿಕೊಳ್ಳುವುದನ್ನು ಕಾಣದವರಾರು? ಧ್ವನಿವರ್ಧಕದ ಸದ್ದನ್ನು ಮೈಕು ಮರಳಿ ನುಂಗಿ, ಅದನ್ನೇ ಮತ್ತೆ ಉಗುಳಿ, ಹೀಗೆ ಸುತ್ತುತ್ತ ಬೆಳೆಯುವ ಕೂಗದು. ಪೊಳ್ಳು ಗಿಟಾರಿನ ಉಬ್ಬು ಹಲಗೆಯೂ ಹೀಗೆಯೇ ಆಂಪ್ಲಿಫೈಯರಿನ ಸದ್ದಿಗೆ ತಾನೇ ನಡುಗಿ, ಆ ನಡುಕವನ್ನು ತಂತಿಗೆ ಕೊಟ್ಟು, ಒಂದು ಹದ ಮೀರಿದೊಡನೆ ಊಳಿಡತೊಡಗುತ್ತದೆ. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಲೆಸ್ ಪಾಲ್ ಎಂಬ ವಾದಕನು 1940ರ ಸುಮಾರಿಗೆ ನಾಲ್ಕಂಗುಲ ಚೌಕದ ಪೈನ್ ಮರದ ತೊಲೆಯೊಂದಕ್ಕೆ ಕೊರಳನ್ನೂ ಪಿಕಪ್ಪನ್ನೂ ಹಚ್ಚಿ ನುಡಿಸಿದನು. ಬರಿಯ ದಿಮ್ಮಿಯನ್ನು ಕೇಳುಗರು ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲವಂತೆ. ಹಳೆಯ ಗಿಟಾರೊಂದನ್ನು ಸೀಳಿ ಅದರ ಎರಡು ಪಕ್ಕಗಳನ್ನು ದಿಮ್ಮಿಗೆ ರೆಕ್ಕೆಯಂತೆ ಅಂಟಿಸಿಕೊಂಡು ಹೋದಾಗ ಅದೇ ಜನ ಹಿಗ್ಗಿ ಚಪ್ಪಾಳೆ ತಟ್ಟಿದರೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಕಣ್ಣಿನಿಂದ ಸಂಗೀತ ಕೇಳುವವರು ನಮ್ಮಲ್ಲಿ ಮಾತ್ರವಲ್ಲ, ಎಲ್ಲ ದೇಶಗಳಲ್ಲಿಯೂ ಉಂಟು.

ಆ ರೆಕ್ಕೆಗಳು ಅಲಂಕಾರಕ್ಕಾಗಿ ಇದ್ದವು. ಅವುಗಳಿಗೆ ನಿಜವಾದ ಕೆಲಸ ಕೊಟ್ಟದ್ದು 1958ರಲ್ಲಿ ಗಿಬ್ಸನ್ ಕಂಪನಿಯು ಟೆಡ್ ಮೆಕಾರ್ಟಿಯ ಮುಂದಾಳ್ತನದಲ್ಲಿ ಹೊರತಂದ ಇ.ಎಸ್.-335. ತೆಳುವಾದ ಮೈ, ಕೊರಳಿನ ಬುಡದಿಂದ ಬಾಲದವರೆಗೆ ನಡುವೆ ಮೇಪಲ್ ಮರದ ಗಟ್ಟಿ ದಿಮ್ಮಿ, ಅದರ ಎಡಬಲಕ್ಕೆ ಎರಡು ಪೊಳ್ಳು ಕೋಣೆಗಳು, ಮೇಲೆ ಪಿಟೀಲಿನಲ್ಲಿರುವಂಥ ಎರಡು ಸೀಳುಗಂಡಿಗಳು. ಊಳನ್ನು ದಿಮ್ಮಿ ಹತ್ತಿಕ್ಕುತ್ತದೆ, ಗಾಳಿಯಾಡುವ ಒಂದು ಮೃದುತ್ವವನ್ನು ಕೋಣೆಗಳು ಉಳಿಸುತ್ತವೆ. ಸೆಮಿ-ಹಾಲೊ ಎಂದು ಅಂಗಡಿಯವರು ಕರೆಯುವ, ಅರೆಪೊಳ್ಳು ಎಂದು ನಾನು ಕರೆಯಲಿಚ್ಛಿಸುವ ವಾದ್ಯದ ಮೂಲಪುರುಷ ಇದೇ. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ತನ್ನ ಗಿಟಾರುಗಳಿಗೆಲ್ಲ ಲೂಸಿಲ್ ಎಂಬ ಒಂದೇ ಹೆಸರಿಟ್ಟು ಹೆಚ್ಚಾಗಿ ನುಡಿಸಿದ್ದು ಈ ವಂಶದವುಗಳನ್ನೇ. ಮೂಲ ಕಂಪನಿಯ ವಾದ್ಯಕ್ಕೆ ಇಂದು ನಮ್ಮ ದೇಶದಲ್ಲಿ ಎರಡು ಲಕ್ಷ ರೂಪಾಯಿಯನ್ನೂ ಮೀರಿದ ಬೆಲೆ. ಅದರ ಮಾತು ಇಲ್ಲಿಗೆ ಸಾಕು.

ನಲವತ್ತು ಸಾವಿರದವನು ನೋಡಬೇಕಾದದ್ದು ಅದೇ ಮನೆತನದ ದಾಯಾದಿಗಳನ್ನು. 1957ರಲ್ಲಿ ಗಿಬ್ಸನ್ನಿನವರು ಕೊಂಡುಕೊಂಡ ಎಪಿಫೋನ್ ಹೆಸರಿನಲ್ಲಿ ಅದೇ ಆಕಾರದ ಅಗ್ಗದ ಗಿಟಾರುಗಳಿವೆ. ಜಪಾನಿನ ಐಬನೇಜ್ ಕಂಪನಿಯ ಆರ್ಟ್‌ಕೋರ್ ಎಂಬ ಸಾಲು 2002ರಿಂದ ಬರುತ್ತಿದೆ. ಫೆಂಡರಿನ ಕಿರಿಯ ಮುದ್ರೆಯಾದ ಸ್ಕ್ವಾಯರಿನಲ್ಲಿ ಸ್ಟಾರ್‌ಕಾಸ್ಟರ್ ಉಂಟು. ಗ್ರೆಚ್ ಕಂಪನಿಯ ಸ್ಟ್ರೀಮ್‌ಲೈನರ್ ಉಂಟು. ಇವುಗಳ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಬರೆದಿಟ್ಟು ಪ್ರಯೋಜನವಿಲ್ಲ. ನಮ್ಮ ಕಲಬುರಗಿಯ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಢೋಲಕ್ಕುಗಳ ನಡುವೆ ಇವು ಸಾಮಾನ್ಯವಾಗಿ ಕಾಣಸಿಗುವುದಿಲ್ಲ; ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದು ಲೇಸು. ಪ್ರವಾಸದ ಖರ್ಚನ್ನು ದಂಡವೆಂದು ಎಣಿಸಬಾರದು, ಏಕೆಂದರೆ ಈ ವಾದ್ಯವು ಕಣ್ಣಿಗೆ ಸುಲಭವಾಗಿ ಮೋಸ ಮಾಡುತ್ತದೆ.

ಎಪಿಫೋನಿನವರದೇ ಕ್ಯಾಸಿನೊ ಎಂಬುದನ್ನು ನೋಡಿ: 1961ರಲ್ಲಿ ಬಂದದ್ದು, ಬೀಟಲ್ಸ್ ಮೇಳದವರು ನುಡಿಸಿದ್ದು, ದೂರದಿಂದ ನೋಡಿದರೆ 335ರ ಅವಳಿ. ಆದರೆ ಒಳಗೆ ದಿಮ್ಮಿಯೇ ಇಲ್ಲ, ಪೂರ್ತಿ ಪೊಳ್ಳು. ಅದು ಸೊಗಸಾದ ವಾದ್ಯವೇ. ಆದರೆ ಡೋಲಿನ ಪಕ್ಕದಲ್ಲಿ ನಿಂತು ಜೋರಾಗಿ ನುಡಿಸಬೇಕೆಂಬ ಹುಡುಗನಿಗೆ ಅದನ್ನು ಕೊಡಿಸಿದರೆ ಊಳಿನೊಡನೆ ಹೋರಾಡುತ್ತಲೇ ಇರಬೇಕಾಗುತ್ತದೆ. ಭೇದವನ್ನು ತಿಳಿಯುವ ಬಗೆ ಬಹಳ ಸುಲಭ. ಮೊಬೈಲಿನ ಟಾರ್ಚನ್ನು ಒಂದು ಸೀಳುಗಂಡಿಗೆ ಹಿಡಿದು ಇನ್ನೊಂದರಲ್ಲಿ ಇಣುಕಬೇಕು. ಬೆಳಕು ಆಚೆ ಬದಿಗೆ ಹಾಯ್ದು ಬಂದರೆ ಒಳಗೆ ಬಯಲು. ಗೋಡೆಗೆ ಬಡಿದು ನಿಂತರೆ ದಿಮ್ಮಿ ಇದೆ. ಬೆರಳ ಗೆಣ್ಣಿನಿಂದ ಮೈಯ ಮೇಲೆ ಅಲ್ಲಲ್ಲಿ ಬಡಿದರೂ ಗೊತ್ತಾಗುತ್ತದೆ, ಹಲಸಿನ ಹಣ್ಣು ಬಡಿದು ನೋಡುವವರಿಗೆ ಇದನ್ನು ಕಲಿಸಬೇಕಾದ್ದಿಲ್ಲ.

ಒಂದು ಮಾತಿನಲ್ಲಿ ಮಾತ್ರ ಅಂಗಡಿಯ ಜಾಣರಿಗೆ ಕಿವಿಗೊಡಬಾರದು. ಕರೆಂಟಿಲ್ಲದ ಗಿಟಾರನ್ನು ಕೊಳ್ಳುವಾಗ ಮೇಲುಹಲಗೆ ಒಂದೇ ಮರದ್ದಾಗಿರಬೇಕು, ಪ್ಲೈವುಡ್ಡಾಗಿರಬಾರದು ಎನ್ನುವುದು ಯಥಾರ್ಥ. ಅದೇ ಸೂತ್ರವನ್ನು ಇಲ್ಲಿಗೂ ಹಚ್ಚಿ, ಪದರ ಪದರವಾಗಿ ಅಂಟಿಸಿದ ಹಲಗೆಯೆಂದು ಅರೆಪೊಳ್ಳನ್ನು ಹಳಿಯುವವರುಂಟು. 1958ರ ಮೂಲ ವಾದ್ಯವೂ ಪದರದ ಹಲಗೆಯದೇ. ಆ ಹಲಗೆಯ ಬಿಗುವು ನಡುಕವನ್ನು ತಡೆಯುವುದರಿಂದ ಅದು ಇಲ್ಲಿ ಕೊರತೆಯಲ್ಲ, ಉದ್ದೇಶ. ಮೇಲಾಗಿ, ಬೇಸಗೆಯಲ್ಲಿ ನಲವತ್ತೆರಡು ಡಿಗ್ರಿಯನ್ನು ದಾಟುವ ನಮ್ಮ ಸೀಮೆಯಲ್ಲಿ ಒಂಟಿ ಹಲಗೆಗಿಂತ ಹೆಚ್ಚು ಕಾಲ ಅದು ಸೀಳದೆ ನಿಲ್ಲುತ್ತದೆ. ಕೊರಳಿನ ಮರಕ್ಕೆ ಆ ಭಾಗ್ಯವಿಲ್ಲ. ಚೈತ್ರ ವೈಶಾಖಗಳಲ್ಲಿ ಅದು ಒಣಗಿ ಕುಗ್ಗಿದಾಗ ಫ್ರೆಟ್ ಎಂಬ ಮೆಟ್ಟಿಲುಗಳ ಲೋಹದ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಯನ್ನು ತರಚುತ್ತವೆ. ಗಿಟಾರಿನ ಡಬ್ಬಿಯಲ್ಲಿ ಒದ್ದೆ ಸ್ಪಂಜೊಂದನ್ನು ತೂತು ಕೊರೆದ ಸೋಪಿನ ಪೆಟ್ಟಿಗೆಯೊಳಗಿಟ್ಟು ಮುಚ್ಚಿಡುವುದು ಬಡವರ ಉಪಾಯ.

ಈಗ ನನ್ನದೊಂದು ಪುರಾತನ ದುಃಖವನ್ನು ಹೇಳಿಕೊಳ್ಳುವೆನು. ಇಂಥದೇ ಒಂದು ಅಗ್ಗದ ವಾದ್ಯವನ್ನು ನಾನು ಹಿಂದೆ ಮೈಬಣ್ಣಕ್ಕೆ ಮರುಳಾಗಿ ಕೊಂಡುತಂದೆನು. ಆರು ತಿಂಗಳೊಳಗೆ ಅದರ ತಿರುಗುಗುಂಡಿಗಳು, ತಿರುವಿದಾಗಲೆಲ್ಲ, ಒಲೆಯ ಮೇಲೆ ಸಾಸಿವೆ ಸಿಡಿದಂತೆ ಚರಚರ ಎನ್ನತೊಡಗಿದವು. ಗಟ್ಟಿಮೈಯ ಗಿಟಾರಾದರೆ ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದರಾಯಿತು. ಅರೆಪೊಳ್ಳಿನ ಬೆನ್ನಿಗೆ ಸಾಮಾನ್ಯವಾಗಿ ಮುಚ್ಚಳವೇ ಇರುವುದಿಲ್ಲ. ನಾಲ್ಕು ಗುಂಡಿಗಳು, ಒಂದು ಸ್ವಿಚ್ಚು, ವೈರು ಚುಚ್ಚುವ ಒಂದು ತೂತು, ಎಲ್ಲವನ್ನೂ ಆ ಸೀಳುಗಂಡಿಯ ಮೂಲಕವೇ ಹೊರತೆಗೆದು ಮತ್ತೆ ಒಳಕ್ಕೆ ಸೇರಿಸಬೇಕು. ಟೇಪ್‌ರೆಕಾರ್ಡರ್ ದುರಸ್ತಿ ಮಾಡುತ್ತಿದ್ದ ಒಬ್ಬ ವೃದ್ಧರು ಅದನ್ನು ಮಾಡಿದ ರೀತಿ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ: ಪ್ರತಿಯೊಂದು ಗುಂಡಿಯ ದಂಡಕ್ಕೂ ಒಂದೊಂದು ಹೊಲಿಗೆಯ ದಾರವನ್ನು ಬಿಗಿದು, ದಾರದ ಇನ್ನೊಂದು ತುದಿಯನ್ನು ಮೇಲಿನ ತೂತಿನಿಂದ ಹೊರಗೆ ಬಿಟ್ಟು, ಗುಂಡಿಗಳ ಗೊಂಚಲನ್ನು ಸೀಳುಗಂಡಿಯಿಂದ ಹೊರಕ್ಕೆಳೆದು ಬೆಸುಗೆ ಹಾಕಿ, ಬಳಿಕ ಬಾವಿಯಿಂದ ಕೊಡ ಸೇದುವವರಂತೆ ಒಂದೊಂದೇ ದಾರವನ್ನು ಮೆಲ್ಲಮೆಲ್ಲನೆ ಎಳೆಯುತ್ತ ಅವನ್ನು ಅವುಗಳ ಸ್ಥಾನಕ್ಕೆ ಕೂರಿಸಿದರು. ಮೂರು ತಾಸು ಹಿಡಿಯಿತು. ಮೂರನೆಯ ದಾರ ನಡುವೆ ಕಡಿದುಹೋದಾಗ ಅವರು ಅಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಆದುದರಿಂದ ತಂತಿ, ಕುದುರೆ, ಬಿರಡೆಗಳಲ್ಲಿ ಅಲ್ಪಸ್ವಲ್ಪ ದೋಷವಿದ್ದರೆ ಇರಲಿ, ಅವನ್ನು ಹೊರಗಿನಿಂದಲೇ ಬದಲಿಸಬಹುದು; ಅಂಗಡಿಯಲ್ಲಿಯೇ ವೈರು ಚುಚ್ಚಿಸಿ, ನಾಲ್ಕು ಗುಂಡಿಗಳನ್ನೂ ಕೊನೆಯಿಂದ ಕೊನೆಗೆ ತಿರುಗಿಸಿ, ಸ್ವಿಚ್ಚನ್ನು ಹತ್ತು ಬಾರಿ ಆಡಿಸಿ, ಒಂದು ಬಾರಿ ಚರಕ್ ಎಂದರೂ ಬೇರೊಂದನ್ನು ಕೇಳಬೇಕು. ಸಂಕೋಚವೆಂಬುದು ಇಲ್ಲಿ ಸಲ್ಲದು.

ಕೊರಳು ಸರಿಯಿದೆಯೆ ಎಂಬುದನ್ನು ನೋಡಲು ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿಯೂ ಕೊನೆಯ ಮೆಟ್ಟಿಲಿನಲ್ಲಿಯೂ ಒತ್ತಿಹಿಡಿದರೆ, ನಡುವೆ ಏಳನೆಯದರ ಹತ್ತಿರ ಕಾಗದವೊಂದು ನುಸುಳುವಷ್ಟು ಸಂದಿರಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಮೀಟಿದ ನಾದವೂ, ಅಲ್ಲಿಯೇ ಒತ್ತಿ ಮೀಟಿದ ನಾದವೂ ಒಂದೇ ಆಗಿರಬೇಕು. ಬೇರೆಯಾದರೆ ಕುದುರೆಯ ಸ್ಕ್ರೂ ತಿರುವಿ ಸರಿಪಡಿಸಿಕೊಡೆಂದು ಅಂಗಡಿಯವನಿಗೇ ಹೇಳಬಹುದು.

ಇನ್ನು ಕಮಲಾಪುರದ ಮನೆಯ ವಿಷಯ. ಹಳೆಯ ಮನೆ, ನೆಲಕ್ಕೆ ಶಹಾಬಾದಿನ ಫರಸಿ, ಗೋಡೆಗೂ ಕಲ್ಲು, ಸದ್ದನ್ನು ಹೀರಿಕೊಳ್ಳುವಂಥದ್ದು ಏನೂ ಇಲ್ಲದೆ ಎಲ್ಲವೂ ತಿರುಗಿ ವಾದ್ಯದ ಮೈಗೇ ಬಂದು ಬಡಿಯುವ ಸ್ಥಳ. ಅಲ್ಲಿ ಇಪ್ಪತ್ತು ವ್ಯಾಟಿನ ಆಂಪ್ಲಿಫೈಯರು ಧಾರಾಳವಾಯಿತು. ಕೆಳಗೊಂದು ಜಮಖಾನೆ ಹಾಸಿ, ಆಂಪ್ಲಿಫೈಯರಿನ ಮುಖಕ್ಕೆ ಎದುರಾಗಿ ಅಲ್ಲದೆ ಓರೆಯಾಗಿ ಕುಳಿತರೆ ಊಳಿನ ಭಯ ಅರ್ಧ ತಗ್ಗುತ್ತದೆ. ಆಂಪ್ಲಿಫೈಯರಿಗೆ, ಒಳ್ಳೆಯ ವೈರಿಗೆ, ಡಬ್ಬಿಗೆ ಎಂದು ಹತ್ತು ಸಾವಿರವನ್ನು ಮೊದಲೇ ತೆಗೆದಿಡಿಸಿದೆನು. ಎಲ್ಲವನ್ನೂ ಗಿಟಾರಿಗೇ ಸುರಿದು ತಗಡಿನ ಡಬ್ಬದಂಥ ಆಂಪ್ಲಿಫೈಯರನ್ನು ಕೊಳ್ಳುವುದು, ರೇಷ್ಮೆಯ ಪಟಗ ಸುತ್ತಿ ಬರಿಗಾಲಲ್ಲಿ ನಡೆದಂತೆ. ಪಿಕಪ್ಪು ಹಂಬಕರ್ ಎಂಬ ಎರಡು ಸುರುಳಿಯದಾಗಿರಲಿ ಎಂದೂ ಹೇಳಿದೆನು. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಮನೆಯ 50 ಹರ್ಟ್ಸಿನ ವಿದ್ಯುತ್ತು ಇವು ಮಾಡುವ ಗುಂಯ್ ಎಂಬ ಸದ್ದನ್ನು ಒಂಟಿ ಸುರುಳಿಯ ಪಿಕಪ್ಪು ಸಂಗೀತವೆಂದೇ ತಿಳಿದು ಹಿಡಿದುಕೊಡುತ್ತದೆ. ಗಿಬ್ಸನ್ನಿನ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಆ ಗುಂಯ್ಕಾರವು ತನ್ನನ್ನು ತಾನೇ ಕಳೆದುಕೊಳ್ಳುವಂತೆ ಮಾಡಿದನು. ಆದರೆ ಗೋಡೆಯ ಪ್ಲಗ್ಗಿಗೆ ಅರ್ಥಿಂಗೇ ಇಲ್ಲದಿದ್ದರೆ ಯಾವ ಪಿಕಪ್ಪೂ ಕಾಪಾಡದು. ಗಿಟಾರಿನ ತಂತಿ ಮುಟ್ಟಿದ ಕೈಗೆ ಜುಮ್ಮೆನ್ನುವ ಅಪಾಯವೂ ಉಂಟು. ವಾದ್ಯ ಬರುವುದಕ್ಕೆ ಮೊದಲು ವೈರಮನ್ ಬರಲಿ ಎಂದೆನು. ತಂಗಿಗೆ ನಗು. ಆದರೂ ಕರೆಸಿದಳು.

ಹುಡುಗನು ಹೈದರಾಬಾದಿನಿಂದ ರೈಲಿನಲ್ಲಿ, ಕೂಸನ್ನು ಹೊತ್ತವನಂತೆ, ಗಿಟಾರನ್ನು ಮಡಿಲಿನಲ್ಲಿಯೇ ಇಟ್ಟುಕೊಂಡು ಬಂದನು. ಹಣ ಕೊಡುವ ಮೊದಲು ಟಾರ್ಚು ಹಿಡಿದು ಇಣುಕಿದ್ದನ್ನು ನೋಡಿ ಅಂಗಡಿಯವನು, ಇಲಿ ಹುಡುಕುತ್ತೀಯೇನಪ್ಪ ಎಂದು ಕೇಳಿದನಂತೆ. ಅರೆಪೊಳ್ಳಿಗೆ ವೈರು ಹಚ್ಚದಿದ್ದರೂ ಕೋಣೆಯೊಳಗೆ ಕೇಳುವಷ್ಟು ಒಂದು ಸಣ್ಣ ದನಿ ಉಂಟು. ಕೂಡುಕುಟುಂಬದಲ್ಲಿ ರಾತ್ರಿ ಅಭ್ಯಾಸ ಮಾಡುವವನಿಗೆ ಇದೊಂದು ದೊಡ್ಡ ಉಪಕಾರ. ಆ ತಿಂಗಳ ಅಮಾವಾಸ್ಯೆಯ ಭಜನೆಯಲ್ಲಿ ಅವನು ಆಂಪ್ಲಿಫೈಯರನ್ನು ಬಹಳ ತಗ್ಗಿಸಿಟ್ಟುಕೊಂಡು ತತ್ತ್ವಪದದ ಹಿಂದೆ ಒಂದೇ ಸ್ವರವನ್ನು ಹಿಡಿದು ನುಡಿಸುತ್ತಿದ್ದನು. ಪದ ಮುಗಿದ ಮೇಲೆ ಏಕತಾರಿಯ ಮುದುಕರು ಅದರ ಕೆಂಪು ಮೈಯ ಮೇಲೆ ಬೆರಳಿಂದ ಎರಡು ಸಲ ಬಡಿದು, “ಬುರುಡಿ ಎಲ್ಲದೋ ತಮ್ಮಾ ಇದಕ?” ಎಂದರು. ಅವನು ಮತ್ತೆ ಟಾರ್ಚು ಹಚ್ಚಿ ಸೀಳುಗಂಡಿಗೆ ಹಿಡಿದನು. ಮುದುಕರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಒಳಗೆ ನೋಡಿದರು.

“ಅರ್ಧ ಬುರುಡಿ ಅದ” ಎಂದು ತೀರ್ಪು ಕೊಟ್ಟು, ಮುಂದಿನ ಪದಕ್ಕೆ ಶ್ರುತಿ ಹಿಡಿದರು.