ಬ್ಯಾಂಕಿನ ಸಾಲ ವಸೂಲಾಗದಿರಲು ಕಾರಣಗಳೇನು?

ಬ್ಯಾಂಕು ಸಾಲವಾಗಿ ಕೊಡುವ ಹಣದಲ್ಲಿ ಬಹುಪಾಲು ಠೇವಣಿ ಇಟ್ಟವರದು. ಕಂತಾಗಲಿ ಬಡ್ಡಿಯಾಗಲಿ ವಾಯಿದೆ ಮೀರಿ 90 ದಿನ ಕಳೆದರೂ ಬಾರದಿದ್ದರೆ, ಅಂಥ ಸಾಲವನ್ನು ನಮ್ಮ ದೇಶದ ವಾಣಿಜ್ಯ ಬ್ಯಾಂಕುಗಳು ವಸೂಲಾಗದ ಸಾಲವೆಂದು ಬೇರೆಯಾಗಿ ತೋರಿಸಬೇಕು. 2004ರಿಂದ ಈ ನಿಯಮ ಜಾರಿಯಲ್ಲಿದೆ. ಅಲ್ಲದೆ, ಆ ನಷ್ಟಕ್ಕಾಗಿ ಲಾಭದಲ್ಲಿ ಒಂದು ಭಾಗವನ್ನು ತೆಗೆದಿಡಬೇಕು. ಹಾಗೆ ತೆಗೆದಿಟ್ಟಷ್ಟೂ ಹೊಸ ಸಾಲ ಕೊಡುವ ಶಕ್ತಿ ಕುಗ್ಗುತ್ತದೆ. ಆದುದರಿಂದ ಸಾಲ ಕೇಳಲು ಹೋಗುವ ರೈತ ಬಾಂಧವರಿಗೂ ಈ ವಿಷಯ ಸಂಬಂಧಿಸಿದ್ದೇ.

ಸಾಲ ಕೆಟ್ಟಿತೆಂದರೆ ಸಾಲಗಾರನ ನಡತೆಯೇ ಕೆಟ್ಟಿತೆಂದು ಹೇಳುವ ರೂಢಿಯಿದೆ. ಅದು ಪೂರ್ಣ ಸತ್ಯವಲ್ಲ. 2004ರಿಂದ 2008ರವರೆಗೆ ವ್ಯಾಪಾರ ಭರದಿಂದ ಬೆಳೆಯುತ್ತಿದ್ದಾಗ ಬ್ಯಾಂಕಿನವರು ವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆ, ಹೆದ್ದಾರಿಗಳಿಗೆ ಧಾರಾಳವಾಗಿ ಸಾಲ ಕೊಟ್ಟರು. ಮುಂದೆಯೂ ಹೀಗೆಯೇ ಇರುವುದೆಂದು ಎಣಿಸಿದರು. ಒಳ್ಳೆಯ ಮಳೆಯಾದ ವರ್ಷದ ಫಸಲನ್ನು ನೋಡಿ ಹತ್ತು ವರ್ಷದ ಕಂತು ಗೊತ್ತುಮಾಡಿದಂತಾಯಿತು! 2008ರಲ್ಲಿ ಜಗತ್ತಿನ ಹಣಕಾಸಿಗೆ ಪೆಟ್ಟು ಬಿತ್ತು. ಭೂಮಿ, ಪರವಾನಗಿ ದೊರೆಯುವುದು ತಡವಾಯಿತು. 2014ರಲ್ಲಿ ಸುಪ್ರೀಂ ಕೋರ್ಟು 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿತು. ಕೆಲಸ ಮುಗಿಯದೆ ಆದಾಯವಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಬೇಕೆಂದೇ ಮೋಸ ಮಾಡಿದವರೂ ಇದ್ದರು.

ಇದಕ್ಕಿಂತ ದೊಡ್ಡ ತಪ್ಪೆಂದರೆ, ಹಳೆಯ ಸಾಲದ ಕಂತಿಗೆಂದು ಹೊಸ ಸಾಲ ಕೊಟ್ಟು ಪುಸ್ತಕದಲ್ಲಿ ಎಲ್ಲವೂ ಸರಿಯಿದೆಯೆಂದು ತೋರಿಸಿದ್ದು. ಒಬ್ಬ ಸಾಹುಕಾರನ ಸಾಲ ತೀರಿಸಲು ಇನ್ನೊಬ್ಬನಿಗೆ ಪತ್ರ ಬರೆದುಕೊಟ್ಟವರು ಈ ಉಪಾಯದ ಗತಿಯನ್ನು ಬಲ್ಲರು. 2015ರಲ್ಲಿ ರಿಸರ್ವ್ ಬ್ಯಾಂಕು ಲೆಕ್ಕಗಳನ್ನು ಬಿಗಿಯಾಗಿ ಪರಿಶೀಲಿಸಿದಾಗ ಹುಳುಕು ಹೊರಬಿತ್ತು. 2018ರ ಮಾರ್ಚಿನಲ್ಲಿ ವಾಣಿಜ್ಯ ಬ್ಯಾಂಕುಗಳ ಪ್ರತಿ 100 ರೂಪಾಯಿ ಸಾಲದಲ್ಲಿ 11 ರೂಪಾಯಿಗೂ ಹೆಚ್ಚು ವಸೂಲಾಗದ್ದಾಗಿತ್ತು. 2024ರ ಮಾರ್ಚಿನ ವೇಳೆಗೆ ಅದು 3 ರೂಪಾಯಿಗಿಂತ ಕೆಳಗಿಳಿಯಿತು. ಎಲ್ಲವೂ ವಸೂಲಾಯಿತೆಂದಲ್ಲ, ಬಹಳಷ್ಟನ್ನು ಲೆಕ್ಕದಿಂದ ತೆಗೆದುಹಾಕಲಾಯಿತು.

ಬೆಳೆ ಸಾಲಕ್ಕೆ 90 ದಿನದ ಲೆಕ್ಕವಿಲ್ಲ. ರಾಗಿ, ಜೋಳದಂಥ ಅಲ್ಪಾವಧಿ ಬೆಳೆಯಾದರೆ ವಾಯಿದೆ ಮೀರಿ ಎರಡು ಹಂಗಾಮು ಕಳೆದ ಮೇಲೆ, ವರ್ಷಕ್ಕೂ ಹೆಚ್ಚು ಕಾಲ ಬೇಕಾಗುವ ಬೆಳೆಯಾದರೆ ಒಂದು ಹಂಗಾಮು ಕಳೆದ ಮೇಲೆ ಬಾಕಿ ಉಳಿದರೆ ಅದು ವಸೂಲಾಗದ ಸಾಲವೆನಿಸುವುದು. ಬರ ಅಥವಾ ನೆರೆಯಿಂದ ಬೆಳೆ ಹಾಳಾದಾಗ, ಸರ್ಕಾರ ಪ್ರಕಟಿಸಿದ ಪ್ರದೇಶಗಳಲ್ಲಿ ವಾಯಿದೆ ಮುಂದೂಡಲು ಬ್ಯಾಂಕಿಗೆ ಅವಕಾಶವುಂಟು. ವಾಯಿದೆ ದಾಟುವ ಮೊದಲೇ ಶಾಖೆಗೆ ಹೋಗಿ ಬರಹದಲ್ಲಿ ಅರ್ಜಿ ಕೊಡಿ. ಅರ್ಜಿಯ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ನೋಟೀಸು ಬಂದ ಮೇಲೆ ಹೋದರೆ ಮಾತಿಗೆ ಜಾಗ ಕಡಿಮೆ.