ಪುಡಿಗೆ ಬೆರೆಸುವ ನೀರು

2021ರ ಏಪ್ರಿಲ್, ಕೋವಿಡ್ಡಿನ ಎರಡನೇ ಅಲೆಯ ದಿನಗಳು. ರೆಮ್‌ಡೆಸಿವಿರ್‌ನ ಒಂದು ಸೀಸೆ ಔಷಧಿಗಾಗಿ ರೋಗಿಗಳ ಮನೆಯವರು ಊರೂರು ಅಲೆಯುತ್ತಿದ್ದಾಗ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಪೊಲೀಸರು ನಾಲ್ವರನ್ನು ಬಂಧಿಸಿದರು. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಖಾಲಿ ಸೀಸೆಗಳನ್ನು ತಂದು, ಅವುಗಳಲ್ಲಿ ಪ್ಯಾರಾಸಿಟಮಾಲ್ ತುಂಬಿ, ನಿಜ ಬೆಲೆಯ ಹಲವು ಪಟ್ಟು ದರಕ್ಕೆ ಮಾರುತ್ತಿದ್ದರು ಎಂಬುದು ಅವರ ಮೇಲಿದ್ದ ಆರೋಪ.

ಆ ಸುದ್ದಿ ಓದಿದವರೆಲ್ಲ ಸೀಸೆಯೊಳಗಿನ ಔಷಧಿಯ ಬಗ್ಗೆ ಮಾತಾಡಿದರು. ಆದರೆ ಪುಡಿಯ ರೂಪದ ರೆಮ್‌ಡೆಸಿವಿರ್ ರೋಗಿಯ ಮೈಗೆ ಸೇರಬೇಕಾದರೆ ಇನ್ನೊಂದು ಸೀಸೆ ಬೇಕು. 100 ಮಿಲಿಗ್ರಾಂ ಪುಡಿಗೆ 19 ಮಿಲಿಲೀಟರ್ ನಂಜಿಲ್ಲದ ನೀರು ಬೆರೆಸಿ, ಕರಗಿಸಿ, ಆಮೇಲೆ ಡ್ರಿಪ್‌ಗೆ ಹಾಕುತ್ತಾರೆ. ಹೀಗೆ ಬೆರೆಸುವ ದ್ರವಕ್ಕೆ ಆಸ್ಪತ್ರೆಯಲ್ಲೂ ಪ್ರಯೋಗಾಲಯದಲ್ಲೂ ಇರುವ ಹೆಸರು ಡೈಲ್ಯೂಯೆಂಟ್. ನೋಡಲು ಬರೀ ನೀರು. ಅದನ್ನು ಬರೀ ನೀರೆಂದು ಬಗೆದಲ್ಲೆಲ್ಲ ಅನಾಹುತವಾಗಿದೆ.

ಪೆಪ್ಟೈಡ್ ಸಂಶೋಧನೆಯಲ್ಲಿ ಈ ನೀರಿನ ಹೊಣೆ ಇನ್ನೂ ಹೆಚ್ಚು. ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಚಿಕ್ಕ ಸರವೇ ಪೆಪ್ಟೈಡ್. 51 ಮಣಿಗಳ ಇನ್ಸುಲಿನ್ ನಮಗೆಲ್ಲ ಪರಿಚಿತ. ಇಂಥ ಸರಗಳು ನೀರಿನಲ್ಲಿ ಬಹುಕಾಲ ಉಳಿಯುವುದಿಲ್ಲ. ಕೆಲವು ಕಡಿಯುತ್ತವೆ, ಕೆಲವು ಗಾಳಿಯ ಆಮ್ಲಜನಕಕ್ಕೆ ಕೆಡುತ್ತವೆ, ಕೆಲವು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಅದಕ್ಕಾಗಿ ದ್ರಾವಣವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೇರವಾಗಿ ಆವಿಯಾಗಿಸಿ, ಹಗುರವಾದ ಬಿಳಿ ಪುಡಿ ಮಾಡಿ ಇಡುತ್ತಾರೆ. ನೀರು ಬಿದ್ದ ಕ್ಷಣದಿಂದ ಅದರ ಆಯಸ್ಸು ಎಣಿಕೆಗೆ ಬರುತ್ತದೆ.

ಹಾಗಾದರೆ ಕುದಿಸಿ ಆರಿಸಿದ ನೀರು ಸಾಲದೇ? ನೂರು ವರ್ಷಗಳ ಹಿಂದೆ ವೈದ್ಯರಿಗೂ ಇದೇ ಪ್ರಶ್ನೆ ಕಾಡಿತ್ತು. ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲೇ ಔಷಧಿ ಕಲಸಿ ಚುಚ್ಚಿದರೂ ಕೆಲವರಿಗೆ ಚಳಿಜ್ವರ ಬರುತ್ತಿತ್ತು. ಕಾರಣವನ್ನು 1923ರಲ್ಲಿ ಬಿಡಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಫ್ಲಾರೆನ್ಸ್ ಸೀಬರ್ಟ್. ಕುದಿಯುವ ನೀರಿನ ಸಣ್ಣ ಹನಿಗಳು ಹಬೆಯ ಜೊತೆ ಹಾರಿ ಆಚೆಯ ಪಾತ್ರೆಗೆ ಬೀಳುತ್ತಿದ್ದವು. ಆ ಹನಿಗಳಲ್ಲಿ ಬ್ಯಾಕ್ಟೀರಿಯಾ ಬಿಟ್ಟ ವಿಷಾಂಶವಿತ್ತು. ಹನಿಗಳನ್ನು ತಡೆಯುವ ಏರ್ಪಾಡನ್ನು ಸೀಬರ್ಟ್ ಭಟ್ಟಿಗೇ ಜೋಡಿಸಿದರು. ಜ್ವರ ನಿಂತಿತು. ಆ ವಿಷಾಂಶಗಳಲ್ಲಿ ಮುಖ್ಯವಾದುದನ್ನು ಇಂದು ಎಂಡೋಟಾಕ್ಸಿನ್ ಎನ್ನುತ್ತೇವೆ. ಬ್ಯಾಕ್ಟೀರಿಯಾ ಸತ್ತರೂ ಇದು ಸಾಯುವುದಿಲ್ಲ.

ಪ್ರಯೋಗಾಲಯದ ಆಟೋಕ್ಲೇವ್ ನಮ್ಮ ಅಡುಗೆಮನೆಯ ಕುಕ್ಕರ್‌ನ ಜಾತಿಯದೇ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಇಟ್ಟರೆ ಜೀವಾಣುಗಳು ಬೀಜಕಗಳ ಸಮೇತ ನಾಶವಾಗುತ್ತವೆ. ಎಂಡೋಟಾಕ್ಸಿನ್ ಮಾತ್ರ ಅದಕ್ಕೂ ಜಗ್ಗುವುದಿಲ್ಲ. ಗಾಜಿನ ಪಾತ್ರೆಗಳಿಂದ ಅದನ್ನು ಹೋಗಲಾಡಿಸಲು ಒಣ ಶಾಖದಲ್ಲಿ, 250 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಬೇಕು. ನೀರನ್ನು ಹಾಗೆ ಕಾಯಿಸಲಾಗದು. ಆದ್ದರಿಂದಲೇ ಚುಚ್ಚುಮದ್ದಿನ ನೀರನ್ನು ಮೊದಲಿನಿಂದಲೇ ನಿರ್ಮಲವಾಗಿ ತಯಾರಿಸಿ, ಪರೀಕ್ಷಿಸಿ, ಸೀಸೆಗೆ ತುಂಬುತ್ತಾರೆ. ಅನುಭವವಿರುವ ಸಂಶೋಧಕರು ಇದನ್ನು ಕೊಂಡೇ ತರುತ್ತಾರೆ. ಎಂಡೋಟಾಕ್ಸಿನ್ ಸೇರಿದ ನೀರನ್ನು ಜೀವಕೋಶಗಳಿಗೆ ಹಾಕಿದರೆ ಅವು ಕೆರಳುತ್ತವೆ. ಅದು ಪೆಪ್ಟೈಡಿನ ಪ್ರಭಾವವೆಂದು ನಂಬಿ ಬರೆದ ಇಡೀ ಪ್ರಬಂಧವೇ ಸುಳ್ಳಾಗುತ್ತದೆ.

ಬೆರೆಸುವ ಕೆಲಸಕ್ಕೆ ಅವಸರ ಆಗಿಬರುವುದಿಲ್ಲ. ಫ್ರೀಜರಿನಿಂದ ತೆಗೆದ ಪುಡಿಯ ಸೀಸೆಯನ್ನು ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ತೆರೆಯಬೇಕು. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಒಳಗೆ ಇಬ್ಬನಿಯಾಗಿ ಕೂರುತ್ತದೆ. ಶುದ್ಧಗಾಳಿಯ ಕ್ಯಾಬಿನೆಟ್ಟಿನೊಳಗೆ, ರಬ್ಬರ್ ಮುಚ್ಚಳವನ್ನು ಆಲ್ಕೋಹಾಲಿನಿಂದ ಒರೆಸಿ, ಅದು ಆರುವ ತನಕ ಕಾದು, ನೀರನ್ನು ಸೀಸೆಯ ಗೋಡೆಗುಂಟ ನಿಧಾನವಾಗಿ ಇಳಿಸುತ್ತಾರೆ. ಕುಲುಕುವುದಿಲ್ಲ, ಮೆಲ್ಲಗೆ ತಿರುಗಿಸುತ್ತಾರೆ. ನೊರೆಯೆದ್ದರೆ ಕೆಲವು ಪೆಪ್ಟೈಡುಗಳು ಹಾಳಾಗಬಹುದು. ಎಲ್ಲ ಪೆಪ್ಟೈಡುಗಳೂ ನೀರಿಗೆ ಒಲಿಯುವುದಿಲ್ಲ, ಕೆಲವಕ್ಕೆ ತೆಳುವಾದ ಅಸಿಟಿಕ್ ಆಮ್ಲ ಬೇಕು. ಕರಗಿದ್ದನ್ನು ಒಂದೊಂದು ಸಲಕ್ಕೆ ಬೇಕಾದಷ್ಟೇ ಹಂಚಿ, ಹೆಸರು, ಸಾಂದ್ರತೆ, ದಿನಾಂಕ ಬರೆದು ಮೈನಸ್ 20 ಡಿಗ್ರಿಯಲ್ಲೋ ಅದಕ್ಕಿಂತ ತಣ್ಣಗೋ ಇಡುತ್ತಾರೆ. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಅದು ಕೆಡುತ್ತದೆ.

ನೀರಿನ ಸೀಸೆಯಲ್ಲೂ ಎರಡು ಬಗೆ. ಸಂರಕ್ಷಕವಿಲ್ಲದ್ದು ಒಂದೇ ಬಳಕೆಗೆ, ಉಳಿದದ್ದನ್ನು ಚೆಲ್ಲಲೇಬೇಕು. ಇನ್ನೊಂದರಲ್ಲಿ ಸಾಮಾನ್ಯವಾಗಿ ಶೇ 0.9ರಷ್ಟು ಬೆಂಜೈಲ್ ಆಲ್ಕೋಹಾಲ್ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಯದಂತೆ ಅದು ತಡೆಯುವುದರಿಂದ ಮೊದಲ ಸಲ ಚುಚ್ಚಿದ ಮೇಲೆ 28 ದಿನ ಬಳಸಬಹುದು. ಈ ಅನುಕೂಲವೇ ಒಮ್ಮೆ ಮುಳುವಾಯಿತು. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ರಕ್ತನಾಳದ ಕೊಳವೆಗಳನ್ನು ಇಂಥ ದ್ರವದಿಂದ ತೊಳೆಯುತ್ತಿದ್ದ ಅಮೆರಿಕದ ಆಸ್ಪತ್ರೆಗಳಲ್ಲಿ ಮಕ್ಕಳು ಉಸಿರಿಗಾಗಿ ಏದುತ್ತಾ ಸತ್ತವು. 1982ರಲ್ಲಿ ಅಲ್ಲಿನ ಔಷಧಿ ಆಡಳಿತ ಎಚ್ಚರಿಕೆ ಹೊರಡಿಸಿತು.

ನಮ್ಮ ಊರುಗಳಲ್ಲಿ ಡೈಲ್ಯೂಯೆಂಟ್ ಎಂಬ ಪದವನ್ನು ದಿನವೂ ಆಡುವವರು ಲಸಿಕೆ ಹಾಕುವ ನರ್ಸಮ್ಮಂದಿರು. ದಡಾರ-ರುಬೆಲ್ಲಾ ಲಸಿಕೆ ಪುಡಿಯಾಗಿಯೇ ಬರುತ್ತದೆ. ಅದೇ ಕಂಪನಿಯ ಡೈಲ್ಯೂಯೆಂಟನ್ನೇ, ಮೊದಲೇ ತಣ್ಣಗಿಟ್ಟು, ಬೆರೆಸಬೇಕು. ಬೆರೆಸಿದ ಸಮಯವನ್ನು ಸೀಸೆಯ ಮೇಲೆ ಬರೆದು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಈ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟುಕೊಂಡು ಬಳಸಿದ ರೀತಿಯಲ್ಲಿ ಲೋಪವಿತ್ತೆಂದು ಪ್ರಾಥಮಿಕ ತನಿಖೆ ಹೇಳಿತು. ದೂರದ ಸಮೋವಾ ದ್ವೀಪದಲ್ಲಿ 2018ರ ಜುಲೈನಲ್ಲಿ ಲಸಿಕೆಯ ಪುಡಿಗೆ ನೀರಿನ ಬದಲು ಸ್ನಾಯು ಸಡಿಲಿಸುವ ಅರಿವಳಿಕೆ ಔಷಧಿ ಬೆರೆತು ಎರಡು ಮಕ್ಕಳು ಸತ್ತವು. ಹೆದರಿದ ತಾಯಂದಿರು ಲಸಿಕೆಯಿಂದಲೇ ದೂರವಾದರು. ಮರುವರ್ಷ ದಡಾರ ಹಬ್ಬಿ 83 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳೇ.

ಈಗ ತೂಕ ಇಳಿಸಲು, ಮೈಕಟ್ಟು ಬೆಳೆಸಲು ಎಂದು ಪೆಪ್ಟೈಡ್ ಪುಡಿಗಳು ಇಂಟರ್‌ನೆಟ್ಟಿನಲ್ಲಿ ಬಿಕರಿಯಾಗುತ್ತಿವೆ. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಅಂಟಿಸಿದ ಪುಡಿ ಮನುಷ್ಯರಿಗಾಗಿ ಪರೀಕ್ಷಿಸಿದ ಔಷಧಿಯಲ್ಲ. ಮನೆಯ ಮೇಜಿನ ಮೇಲೆ ಎಷ್ಟು ಎಚ್ಚರದಿಂದ ಬೆರೆಸಿದರೂ ಅದು ಔಷಧಿಯಾಗುವುದಿಲ್ಲ. ನೀರು ನಂಜಿಲ್ಲದ್ದೇ ಇರಬಹುದು, ಪುಡಿಯಲ್ಲಿ ಏನಿದೆಯೆಂದು ಹೇಳುವವರು ಯಾರು?

ಬಾರಾಮತಿಯ ಪ್ರಕರಣದಲ್ಲಿ ಖಾಲಿ ಸೀಸೆಯೇ ಆರೋಪಿಗಳ ಬಂಡವಾಳವಾಗಿತ್ತಂತೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಗಾಜಿನ ಔಷಧಿ ಸೀಸೆಗಳು ನೀಲಿ ಗುರುತಿನ ಪೆಟ್ಟಿಗೆಗೆ ಹೋಗಬೇಕು. ಕೆಲವು ವಾರ್ಡುಗಳಲ್ಲಿ ಅದಕ್ಕೂ ಮೊದಲು ಲೇಬಲ್ಲಿನ ಮೇಲೆ ಮಾರ್ಕರ್ ಪೆನ್ನಿನಿಂದ ಅಡ್ಡಗೆರೆ ಎಳೆದು, ಸೀಸೆಗಳನ್ನು ಎಣಿಸಿ ವಹಿಯಲ್ಲಿ ಬರೆದಿಡುತ್ತಾರೆ.