ಹೊಳೆ ಬಲ್ಲವರು ಕಡಲಿಗೆ ಹೋದಾಗ

ಬೇಸಿಗೆಯ ರಜ ಬಂದೊಡನೆ ಮಕ್ಕಳಿರುವ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ಈ ಸಲ ಎಲ್ಲಿಗೆ?" ಎಂಬುದು. ನಮ್ಮ ಬಯಲುಸೀಮೆಯ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವನ್ನೂ ಮಗುವೇ ಹೇಳಿಬಿಡುವುದುಂಟು: "ಸಮುದ್ರಕ್ಕೆ!"

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ತಂದೆ, ತಾಯಿ, ಐದಾರು ವರ್ಷದ ಮಗು, ಎಪ್ಪತ್ತು ದಾಟಿದ ತಾತ. ಇವರೊಡನೆ ಮಗುವನ್ನು ಬಿಟ್ಟಿರಲಾರದ ಒಂದು ನಾಯಿ. ಇವರಿಗೆ ನೀರು ಹೊಸದಲ್ಲ. ಹೇಮಾವತಿಯ ಸೀಮೆಯಲ್ಲಿ ಹುಟ್ಟಿದವರು. ಅಂಬಿಗರಹಳ್ಳಿಯ ಸಂಗಮದಲ್ಲಿ ಮಿಂದವರು. ಕನ್ನಂಬಾಡಿಯ ಹಿನ್ನೀರನ್ನು ಕಂಡವರು. ತಾತನಂತೂ ಹುಡುಗನಾಗಿದ್ದಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. "ತುಂಬಿದ ಹೊಳೇಲಿ ಈಜಿದವನಿಗೆ ಈ ಸಮುದ್ರ ಯಾವ ಮಹಾ?" ಎಂದು ಅವರು ಹೇಳಿದರೆ ಆಶ್ಚರ್ಯವಿಲ್ಲ.

ಆದರೆ ಎಚ್ಚರದಿಂದಿರಬೇಕಾದದ್ದು ಇಂಥ ಮಾತಿನ ಬಗೆಗೇ. ಕಡಲು ಎಂದರೆ ದೊಡ್ಡ ಹೊಳೆಯಲ್ಲ. ಅದರ ನಡೆಯೇ ಬೇರೆ. ಹೊಳೆಯಲ್ಲಿ ಕಲಿತ ಧೈರ್ಯ ಅಲ್ಲಿ ಅರ್ಧ ಕೆಲಸಕ್ಕೆ ಬರುತ್ತದೆ, ಇನ್ನರ್ಧ ಅಪಾಯಕ್ಕೆ ದಾರಿ ಮಾಡುತ್ತದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಾಗಿರಲಿಲ್ಲ. ಒಳನಾಡಿನಿಂದ ಬಂದವರಿಗೆ ಕಡಲಿನ ಸ್ವಭಾವ ತಿಳಿದಿರುವುದು ಎಷ್ಟು ಅಗತ್ಯವೆಂಬುದಕ್ಕೆ ಆ ದುಃಖದ ಸಂಗತಿಯೇ ಸಾಕು.

ಮೊದಲು ಪ್ರಯಾಣದ ಮಾತನ್ನು ಮುಗಿಸಿಬಿಡೋಣ. ಮಾಕವಳ್ಳಿಯಿಂದ ಮಂಗಳೂರಿನ ಕಡಲತೀರ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ರಸ್ತೆಯಲ್ಲಿ ಹೋಗುವವರಿಗೆ ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿಯ ದಾರಿ. ರೈಲು ಹಿಡಿಯುವವರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಇಳಿಜಾರು ತಾನೇ ಒಂದು ನೋಟ: ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಆದರೆ ನಾಯಿಯನ್ನು ರೈಲಿನ ಯಾವ ಡಬ್ಬಿಗೆ ಬೇಕಾದರೂ ಹತ್ತಿಸುವಂತಿಲ್ಲ. ಮೊದಲ ದರ್ಜೆಯಲ್ಲಿ ಎರಡು ಅಥವಾ ನಾಲ್ಕು ಜನರ ಕೋಣೆಯೊಂದನ್ನು ಪೂರ್ತಿಯಾಗಿ ಕಾಯ್ದಿರಿಸಿದವರು ಮಾತ್ರ ಅದನ್ನು ಜೊತೆಯಲ್ಲಿ ಕರೆದೊಯ್ಯಬಹುದು. ಉಳಿದವರ ನಾಯಿ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹೋಗಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಪಶುವೈದ್ಯರ ಪ್ರಮಾಣಪತ್ರವನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಇಳಿಯುವ ವಸತಿಗೃಹದವರು ನಾಯಿಯನ್ನು ಒಪ್ಪುತ್ತಾರೆಯೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಕಡಲಿನ ವಿಷಯಕ್ಕೆ ಬರೋಣ. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಮಡು ಎಲ್ಲಿದೆ, ಸೆಳವು ಎಲ್ಲಿದೆ ಎಂಬುದನ್ನು ಊರಿನವರು ಬಲ್ಲರು. ನಿನ್ನೆ ಇದ್ದಲ್ಲಿಯೇ ಇವತ್ತೂ ಅದು ಇರುತ್ತದೆ. ಕಡಲಿನ ನೀರು ಬರುತ್ತದೆ, ಹೋಗುತ್ತದೆ. ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನಮ್ಮ ಕರಾವಳಿಯಲ್ಲಿ ಈ ಏರಿಳಿತ ಸುಮಾರು ಒಂದರಿಂದ ಎರಡು ಮೀಟರ್. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತ ಹೋಗುತ್ತದೆ. ಆದ್ದರಿಂದ ನಿನ್ನೆ ಸಂಜೆ ಐದಕ್ಕೆ ಮೊಣಕಾಲುದ್ದ ನೀರಿದ್ದ ಜಾಗದಲ್ಲಿ ಇವತ್ತು ಐದಕ್ಕೆ ಅಷ್ಟೇ ಇರುವುದೆಂದು ನಂಬುವಂತಿಲ್ಲ. ನೀರಿನಡಿಯ ಮರಳೂ ಒಂದೇ ಕಡೆ ನಿಲ್ಲುವುದಿಲ್ಲ. ಅಲೆಗಳು ಅದನ್ನು ಇಲ್ಲಿಂದ ಕೊರೆದು ಅಲ್ಲಿ ಗುಡ್ಡೆ ಹಾಕುತ್ತಲೇ ಇರುತ್ತವೆ.

ಗಾಳಿಯಿಲ್ಲದ ತಿಳಿಯಾದ ದಿನ ಕಡಲು ಶಾಂತವಾಗಿರುತ್ತದೆಂಬುದೂ ಪೂರ್ತಿ ನಿಜವಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಬಿರುಗಾಳಿ ಎದ್ದರೆ ಅಲ್ಲಿ ಹುಟ್ಟಿದ ಅಲೆಗಳು ಕೆಲವು ದಿನಗಳ ಬಳಿಕ ನಮ್ಮ ತೀರವನ್ನು ಮುಟ್ಟುತ್ತವೆ. ಇಲ್ಲಿ ಮೋಡವಿಲ್ಲ, ಗಾಳಿಯಿಲ್ಲ. ಆದರೂ ನೀರು ಇದ್ದಕ್ಕಿದ್ದಂತೆ ಉಕ್ಕಿ ದಡಕ್ಕೆ ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎಂದು ಕರೆದರು. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂದು ಅರ್ಥ. ವಿಜ್ಞಾನಿಗಳೂ ಆ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ, ಎಂದರೆ ಸರಿಯಾಗಿ ನಮ್ಮ ಮಕ್ಕಳ ರಜದಲ್ಲಿ! ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇಂಥ ಅಲೆಗಳ ಮುನ್ಸೂಚನೆಯನ್ನು ಕೊಡುತ್ತದೆ. ಹೊರಡುವ ಮುನ್ನ ಮಳೆಯ ಸುದ್ದಿ ಕೇಳುವಂತೆ ಕಡಲಿನ ಸುದ್ದಿಯನ್ನೂ ಕೇಳಿಕೊಳ್ಳುವ ಅಭ್ಯಾಸ ನಮಗೆ ಬರಬೇಕು.

ಅಲೆ ಬರುವುದನ್ನು ಎಲ್ಲರೂ ನೋಡುತ್ತಾರೆ. ಬಂದ ನೀರು ಹಿಂದಿರುಗುವುದನ್ನು ನೋಡುವವರು ಕಡಮೆ. ಅಪಾಯವಿರುವುದು ಅಲ್ಲಿ. ಒದ್ದೆ ಮರಳಿನ ಮೇಲೆ ನಿಂತು ನೋಡಿ: ಹಿಂದೆ ಸರಿಯುವ ನೀರು ನಿಮ್ಮ ಹಿಮ್ಮಡಿಯ ಕೆಳಗಿನ ಮರಳನ್ನು ಕೆರೆದುಕೊಂಡು ಹೋಗುತ್ತದೆ, ಕಾಲು ಕುಸಿದಂತಾಗುತ್ತದೆ. ಯುವಕರಿಗೆ ಅದು ಕಚಗುಳಿ. ಮಂಡಿ ಗಟ್ಟಿಯಿಲ್ಲದ ತಾತನಿಗೂ ಹಗುರವಾದ ಮಗುವಿಗೂ ಅದೇ ಬೀಳುವುದಕ್ಕೆ ಕಾರಣ. ಒಂದು ಘನ ಮೀಟರ್ ನೀರು ಸಾವಿರ ಕಿಲೋಗ್ರಾಂ ತೂಗುತ್ತದೆ. ಮೊಣಕಾಲುದ್ದದ ಅಲೆಯಾದರೂ ಬಿದ್ದವರನ್ನು ಏಳಗೊಡದೆ ಉರುಳಿಸಬಲ್ಲದು.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಅಲೆಗಳು ದಡಕ್ಕೆ ತಂದುಹಾಕಿದ ನೀರು ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಹಿಂದಿರುಗುವುದಿಲ್ಲ. ನೀರಿನಡಿಯ ಮರಳುಗುಡ್ಡೆಗಳ ನಡುವೆ ತಗ್ಗು ಸಿಕ್ಕಿದಲ್ಲಿ, ಗದ್ದೆಯ ಬದುವಿನಲ್ಲಿ ಒಂದು ತೂಬು ತೆಗೆದಂತೆ, ಎಲ್ಲವೂ ಅಲ್ಲಿಂದಲೇ ನುಗ್ಗಿ ಆಳದ ಕಡೆಗೆ ಓಡುತ್ತದೆ. ಇದನ್ನು ನಾವು 'ಹೊರಸೆಳವು' ಎಂದು ಕರೆಯೋಣ. ಕೆಲವು ವೇಳೆ ಇದರ ವೇಗ ಒಳ್ಳೆಯ ಈಜುಗಾರನನ್ನೂ ಮೀರಿಸುತ್ತದೆ. ವಿಚಿತ್ರವೆಂದರೆ, ನೋಡುವವರಿಗೆ ಈ ಜಾಗವೇ ಹೆಚ್ಚು ಶಾಂತವಾಗಿ ಕಾಣುತ್ತದೆ. ಎಡಬಲದಲ್ಲಿ ಅಲೆಗಳು ಬೆಳ್ಳಗೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ, ನೀರು ಕಪ್ಪಾಗಿಯೋ ಮರಳು ಕಲಸಿ ಬಗ್ಗಡವಾಗಿಯೋ ಇರುತ್ತದೆ. ನೊರೆ ಅಲ್ಲಿಂದ ಹೊರಕ್ಕೆ ತೇಲಿಹೋಗುತ್ತಿರುತ್ತದೆ. "ಇಲ್ಲಿ ಅಲೆಯಿಲ್ಲ, ಮಗುವನ್ನು ಇಲ್ಲೇ ಇಳಿಸೋಣ" ಎಂದು ಒಳನಾಡಿನವರು ಆರಿಸಿಕೊಳ್ಳುವುದು ಆ ಜಾಗವನ್ನೇ! ನದಿ ಕಡಲನ್ನು ಸೇರುವ ಅಳಿವೆಯ ಬಳಿಯೂ ಇಳಿತದ ಹೊತ್ತಿನಲ್ಲಿ ಸೆಳೆತ ಬಲವಾಗಿರುತ್ತದೆ. ಅಲ್ಲಿ ನೀರಿಗೆ ಇಳಿಯಲೇಬಾರದು.

ಹೊರಸೆಳವಿಗೆ ಸಿಕ್ಕಿದವನನ್ನು ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದರ ಎದುರಾಗಿ ದಡಕ್ಕೆ ಈಜಲು ಹೆಣಗಾಡಿ ಸೋತವರೇ ಮುಳುಗುವುದು. ಹೊಳೆಯ ಈಜುಗಾರನಿಗೆ ಗೊತ್ತಿರುವ ಒಂದು ಪಾಠ ಇಲ್ಲಿಯೂ ಸಲ್ಲುತ್ತದೆ: ಸೆಳವಿನೊಡನೆ ಜಗಳವಾಡಬಾರದು. ಮೈ ಸಡಿಲಬಿಟ್ಟು ತೇಲಬೇಕು, ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ, ಸ್ವಲ್ಪ ದೂರ ಈಜಬೇಕು. ಆ ಪಟ್ಟಿ ಹೆಚ್ಚು ಅಗಲವಿರುವುದಿಲ್ಲ. ಅದರಿಂದ ಆಚೆ ಬಂದಮೇಲೆ ಅಲೆಗಳೇ ದಡದ ಕಡೆಗೆ ತಳ್ಳುತ್ತವೆ.

ಈಗ ನಮ್ಮ ಮಾಕವಳ್ಳಿಯ ಸಂಸಾರಕ್ಕೆ ಹಿಂದಿರುಗೋಣ. ಮಗು ಚೆಂಡೆಸೆಯುತ್ತದೆ, ಚೆಂಡು ನೀರಿಗೆ ಬೀಳುತ್ತದೆ, ನಾಯಿ ಹಾರುತ್ತದೆ. ನಾಯಿ ಅಲೆಯಲ್ಲಿ ಮರೆಯಾದೊಡನೆ ಮಗು ಅದರ ಹೆಸರು ಕೂಗುತ್ತ ಓಡುತ್ತದೆ. ಮಗುವಿನ ಹಿಂದೆ, ಹತ್ತಿರ ಕುಳಿತಿದ್ದ ತಾತ, ಉಟ್ಟ ಪಂಚೆಯಲ್ಲೇ. ತಾತನ ಹಿಂದೆ ತಂದೆ. ಒಂದು ನಿಮಿಷದೊಳಗೆ ಮನೆಯ ಮೂರು ತಲೆಮಾರು ನೀರಿನಲ್ಲಿ! ಇಂಥ ಸರಪಣಿಯ ಕೊನೆಯಲ್ಲಿ ಹಲವು ವೇಳೆ ನಾಯಿ ತಾನಾಗಿಯೇ ಈಜಿ ದಡ ಸೇರಿ ಮೈ ಕೊಡವಿಕೊಳ್ಳುತ್ತದೆ. ಹಿಂದೆ ಹೋದವರು ಬರುವುದಿಲ್ಲ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಇಬ್ಬರಿಗಾಗಿ ಮೂವರು ಎಂಬ ಸುದ್ದಿಯನ್ನು ನಮ್ಮ ಕೆರೆ ಕಟ್ಟೆಗಳ ವಿಷಯದಲ್ಲಿಯೂ ಕೇಳಿಲ್ಲವೆ?

ಈ ಸರಪಣಿಯನ್ನು ಕಡಿಯುವುದು ಮೊದಲ ಕೊಂಡಿಯಲ್ಲೇ ಸುಲಭ. ನೀರಿನ ಬಳಿ ನಾಯಿಗೆ ಹಗ್ಗವಿರಲಿ. ಆ ಹಗ್ಗ ಮಗುವಿನ ಕೈಯಲ್ಲಿರಬಾರದು. ಚೆಂಡನ್ನು ನೀರಿನ ಕಡೆಗಲ್ಲ, ಊರಿನ ಕಡೆಗೆ ಎಸೆಯಲಿ. ಮಗುವನ್ನು ನೋಡಿಕೊಳ್ಳುವ ದೊಡ್ಡವರು ಯಾರೆಂದು ಹೆಸರು ಹಿಡಿದು ಗೊತ್ತುಮಾಡಿ. 'ಎಲ್ಲರೂ ನೋಡುತ್ತಿದ್ದಾರೆ' ಎಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಆ ಹೊತ್ತಿನಲ್ಲಿ ಅವರು ಫೋನು ಮುಟ್ಟಬಾರದು, ಮಗು ಅವರ ಕೈಯಳತೆಯನ್ನು ಮೀರಬಾರದು. ತಾತನಿಗೆ ಈ ಕಾವಲನ್ನು ಒಪ್ಪಿಸುವುದು ಮಗುವಿಗೂ ಅನ್ಯಾಯ, ತಾತನಿಗೂ ಅನ್ಯಾಯ. ಇಷ್ಟಾದರೂ ಯಾರಾದರೂ ಸೆಳವಿಗೆ ಸಿಕ್ಕಿದರೆ ಹಿಂದೆ ಹಾರದೆ, ತೇಲುವಂಥದನ್ನು ಎಸೆಯಬೇಕು: ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು, ಹಗ್ಗ, ಏನಾದರೂ ಸರಿ. ಸೋರೆಬುರುಡೆಯ ಗುಣ ತಿಳಿದ ತಾತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡದ ರಕ್ಷಕರನ್ನೂ ಮೀನುಗಾರರನ್ನೂ ಕೂಗಿ ಕರೆಯಬೇಕು. 112ಕ್ಕೆ ಫೋನು ಮಾಡಬೇಕು.

ಮುಳುಗಿದವರನ್ನು ಮೇಲಕ್ಕೆ ತಂದಾಗ ಹೊಟ್ಟೆ ಅದುಮಿ ನೀರು ಕಕ್ಕಿಸುವುದು, ಕಾಲು ಹಿಡಿದು ಗಿರಗಿರನೆ ತಿರುಗಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಅದು ತಪ್ಪು. ಅವರಿಗೆ ಬೇಕಾದದ್ದು ಉಸಿರು. ಉಸಿರಾಡದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಉಸಿರೂಡಬೇಕು. ಬಳಿಕ ಎದೆಯ ನಡುವೆ ಮೂವತ್ತು ಸಲ ಬಲವಾಗಿ ಒತ್ತಿ, ಎರಡು ಸಲ ಉಸಿರೂಡುತ್ತ, ವೈದ್ಯರ ನೆರವು ಬರುವವರೆಗೆ ನಡೆಸಬೇಕು. ಇದನ್ನು ತಿಳಿದವರಿಂದ ಊರಿನಲ್ಲಿಯೇ ಕಲಿತು ಹೊರಡುವುದು ಮೇಲು.

ಯಾವಾಗ ಹೋಗಬೇಕು? ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲನ್ನು ದೂರದಿಂದ ನೋಡಬೇಕೇ ಹೊರತು ಮುಟ್ಟಬಾರದು. ಮೀನಿನ ಸಂತಾನ ಬೆಳೆಯಲೆಂದು ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತವಾದದ್ದು. ಬೇಸಿಗೆಯಲ್ಲಿಯೇ ಹೋಗಬೇಕಾದರೆ ಬೆಳಗಿನ ಒಂಬತ್ತರೊಳಗೆ, ಇಲ್ಲವೆ ಸಂಜೆ ನಾಲ್ಕೂವರೆಯ ಮೇಲೆ. ಕೃಷ್ಣರಾಜಪೇಟೆಯ ಒಣಬಿಸಿಲನ್ನು ತಾಳಿದವರು ಮಂಗಳೂರಿನಲ್ಲಿ ಅದಕ್ಕಿಂತ ಕಡಮೆ ಬಿಸಿಲಿಗೇ ಬಳಲುವುದುಂಟು. ಅಲ್ಲಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಂಪಾಗುವುದಿಲ್ಲ. ಮುದುಕರೂ ಮಕ್ಕಳೂ ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ, ಎಳನೀರು ಕುಡಿಯುತ್ತಿರಬೇಕು. ರಕ್ತದೊತ್ತಡ, ಸಕ್ಕರೆಕಾಯಿಲೆಯ ಮಾತ್ರೆಗಳ ಹೊತ್ತು ಪ್ರವಾಸದಲ್ಲಿ ತಪ್ಪಬಾರದು.

ನಾಯಿಯ ಪಾದಕ್ಕೆ ಚಪ್ಪಲಿಯಿಲ್ಲವೆಂಬುದನ್ನು ನೆನಪಿಡಿ. ನಿಮ್ಮ ಅಂಗೈಯ ಹಿಂಭಾಗ ಕೆಲವು ಕ್ಷಣ ತಾಳಲಾರದ ಮರಳು ಅದಕ್ಕೂ ಸುಡುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾಯಾರಿದ ನಾಯಿ ಅದನ್ನು ಕುಡಿದರೆ ವಾಂತಿ, ಭೇದಿ ತಪ್ಪಿದ್ದಲ್ಲ. ಅದಕ್ಕೂ ಒಂದು ತಟ್ಟೆ, ಸಿಹಿನೀರು ಬೇಕು. ಕಾಸರಕೋಡು, ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಆ ಮನ್ನಣೆಯ ನಿಯಮಗಳು ನಾಯಿಗಳ ಪ್ರವೇಶವನ್ನು ಬಿಗಿಯಾಗಿ ಹತೋಟಿಯಲ್ಲಿಡುತ್ತವೆ. ಹೊನ್ನಾವರದ ಕಡೆಯ ಮರಳಿನಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಬಿಚ್ಚಿಬಿಟ್ಟ ನಾಯಿಗೆ ಅದನ್ನು ಕೆದಕುವುದು ಆಟ, ಆಮೆಯ ಸಂತಾನಕ್ಕೆ ನಾಶ.

ಇಷ್ಟೆಲ್ಲ ಕೇಳಿದ ತಾತ, "ಹಂಗಾದ್ರೆ ಹೋಗೋದೇ ಬೇಡ ಬಿಡು" ಎಂದಾರು. ಹಾಗಲ್ಲ, ಹೋಗಲೇಬೇಕು. ದಡ ಸೇರಿದ ಮೇಲೆ ಹತ್ತು ನಿಮಿಷ ಯಾರೂ ನೀರಿಗಿಳಿಯದೆ ಕುಳಿತು ಅಲೆಗಳನ್ನು ನೋಡಿ. ಸಣ್ಣ ಅಲೆಗಳ ಬಳಿಕ ದೊಡ್ಡವು ಗುಂಪಾಗಿ ಬರುವುದು, ನೀರು ಎಲ್ಲಿಂದ ಹಿಂದಿರುಗುತ್ತದೆಂಬುದು, ಆಗ ಕಣ್ಣಿಗೆ ಬೀಳುತ್ತದೆ. ಅಲ್ಲಿಯ ಮೊಗವೀರರನ್ನೋ ಖಾರ್ವಿಗಳನ್ನೋ ಒಂದು ಮಾತು ಕೇಳಿ. 'ಇಲ್ಲಿ ಬೇಡ' ಎಂದರೆ ವಾದಿಸಬೇಡಿ. ಸಮುದ್ರಸ್ನಾನದ ಪುಣ್ಯ ಬೇಕೆನ್ನುವ ಹಿರಿಯರಿಗೆ ಪಾದ ಮುಳುಗುವಷ್ಟು ನೀರಿನಲ್ಲಿ ಕೈಹಿಡಿದು ನಿಲ್ಲಿಸಿ, ಚೊಂಬಿನಿಂದ ತಲೆಗೆ ನೀರು ಹಾಕಿದರೆ ಸಾಕು. ಪುಣ್ಯ ಆಳವನ್ನು ಕೇಳುವುದಿಲ್ಲ.

ಆಮೇಲೆ ತಾತನನ್ನು ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ಅವರ ಮಡಿಲಿಗೆ ಬಿಟ್ಟು, ನಾಯಿಯನ್ನು ಕಾಲ ಬಳಿ ಕಟ್ಟಿ, ಸೂರ್ಯ ಮುಳುಗುವುದನ್ನು ನೋಡಿ. ಹೇಮಾವತಿಯ ನೀರು ಇಲ್ಲಿಗೆ ಬರುತ್ತದೆಯೆ ಎಂದು ಮಗು ಕೇಳಬಹುದು. ಇಲ್ಲ, ಅದು ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಮೂಡಲಿಗೆ ಹರಿದು, ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಘಟ್ಟದ ಪಡುವಲ ಮಗ್ಗುಲಿಗೆ ಬಿದ್ದ ಮಳೆ ನೇತ್ರಾವತಿಯಾಗಿ ಇಲ್ಲಿಗೆ ಬರುತ್ತದೆ. ಈ ಕಥೆಯನ್ನು ಹೇಳಲು ತಾತನಿಗಿಂತ ತಕ್ಕವರು ಯಾರು? ಹೋದ ಐವರೂ ಹಾಗೆಯೇ ಮನೆಗೆ ಹಿಂದಿರುಗಿ, ಮಗು ಕೇರಿಯಲ್ಲಿ ಎಲ್ಲರಿಗೂ ಕಪ್ಪೆಚಿಪ್ಪು ಹಂಚಿದರೆ ಪ್ರವಾಸ ಸಾರ್ಥಕವಾಯಿತೆನ್ನಬಹುದು.